ಬೇವಿನ ನೆರಳಿನ ಎರಡು ಕಾರು

ಮಗಳು ದೀಪಾ ತೀರಿಕೊಂಡು ಹತ್ತು ತಿಂಗಳಾದ ಮೇಲೆ ಕಾಟಯ್ಯನಿಗೆ ನಿಜ ತಿಳಿಯಿತು. ಹೇಳಿದವನು ಹೊಸದುರ್ಗದ ಕಾರ್ ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಓಬಣ್ಣ.

"ಕಂಪನಿಯಿಂದ ಕಾಗ್ದ ಬಂದಿತ್ತು ಕಣಣ್ಣ. ಈ ಮಾಡೆಲ್ಲಿನ ಇಗ್ನಿಷನ್ ಸ್ವಿಚ್ಚು ಓಡ್ತಾ ಓಡ್ತಾನೇ ಆಫ್ ಆಗಿ ಸ್ಟೇರಿಂಗ್ ಬಿಗಿಯಾಗ್ತೈತೆ, ಎಲ್ಲಾ ಗಾಡಿ ಕರ್ಸಿ ಬದ್ಲಾಯ್ಸ್ರಿ ಅಂತ. ನಮ್ ಸೆಂಟರ್ ಮ್ಯಾನೇಜರ್ ಶಿವರಾಜಪ್ಪ ಬಂದ ಮೊದಲ್ನೇ ಸ್ವಿಚ್ಚು ತನ್ನ ಗಾಡಿಗೇ ಹಾಕ್ಕಂಡು, ಕಾಗ್ದನ ಡ್ರಾದಾಗೆ ತಳ್ಳಿಬಿಟ್ಟ."

ದೀಪಾ ಮೂರು ಸಲ ಶಿವರಾಜನ ಬಳಿ ಹೋಗಿ ಎಂಜಿನ್ ತಾನಾಗಿ ಆರುತ್ತದೆಂದು ದೂರಿದ್ದಳು. ಕೊನೆಯ ಸಲ ಕಾಟಯ್ಯನೂ ಜೊತೆಗಿದ್ದ. "ಊರಿನ ಬೀಗದ ಕೈಯೆಲ್ಲ ಒಂದೇ ಗೊಂಚಲಿಗೆ ಕಟ್ಕಂಡ್ರೆ ಭಾರಕ್ಕೆ ಕೀ ತಿರುಗ್ದೆ ಇನ್ನೇನಾಗ್ತೈತೆ ಸಿಸ್ಟರ್?" ಎಂದು ಶಿವರಾಜ್ ನಕ್ಕಿದ್ದ. ಹನ್ನೆರಡು ದಿನದ ಮೇಲೆ, ಶ್ರೀರಾಂಪುರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ ಬರುವಾಗ, ತಿರುವಿನಲ್ಲಿ ಅವಳ ಕಾರು ತಿರುಗಲೇ ಇಲ್ಲ. ನೇರ ಹೋಗಿ ಲಾರಿಗೆ ಬಡಿಯಿತು. ಫೋನಿನಲ್ಲಿ ಮಾತಾಡುತ್ತಿದ್ದಿರಬೇಕು ಎಂದರು ಜನ. ಪೊಲೀಸರೂ ಹಾಗೇ ಬರೆದುಕೊಂಡು ಕಾರು ಬಿಟ್ಟುಕೊಟ್ಟರು.

ನಜ್ಜುಗುಜ್ಜಾದ ಆ ಕಾರು ಮತ್ತೋಡಿನ ಹತ್ತಿರದ ಹಟ್ಟಿಯಲ್ಲಿ, ಮನೆಯ ಹಿಂದಿನ ಬೇವಿನ ಕೆಳಗೆ ನಿಂತಿತ್ತು. ಎಂಥ ಬಿಸಿಲಿಗೂ ಕುರಿಗಳು ಅದರ ಮಗ್ಗುಲಿಗೆ ಹೋಗುತ್ತಿರಲಿಲ್ಲ. ಕಾಟಯ್ಯ ದೇವರಿಗೆ ಕೈಮುಗಿದು ಕಣ್ಣು ಮುಚ್ಚಿದರೆ ಅಲ್ಲಿಂದ ಎಂಜಿನ್ ಹೊತ್ತಿ ಆರಿದ ಸದ್ದು ಕೇಳಿಸುತ್ತಿತ್ತು.

ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನಿಗೆ ಕೀ ಬೀಗದ ಹಿಂದಿನ ಸ್ವಿಚ್ಚನ್ನಷ್ಟೇ ಬಿಚ್ಚಿ ಹಾಕುವುದು ದೊಡ್ಡ ಕೆಲಸವಲ್ಲ. ಶಿವರಾಜನ ಕಾರೂ ಅದೇ ಮಾಡೆಲ್. ಮಗಳನ್ನು ಕೊಂದ ಸ್ವಿಚ್ಚು ಅವನ ಕಾರಿಗೆ. ಅವನ ಹೊಸ ಸ್ವಿಚ್ಚು ಮಗಳ ಕಾರಿಗೆ, ಜಾಗ ಖಾಲಿ ಕಾಣಬಾರದಲ್ಲ. ಮುಂದೆ ಯಾರಾದರೂ ಶಿವರಾಜನ ಕಾರಿನಲ್ಲಿ ಹಳೆಯ ಸ್ವಿಚ್ಚು ನೋಡಿದರೂ, ಬದಲಾಯಿಸಿದೆನೆಂದು ಸುಳ್ಳು ಬರೆದು ಶಿವರಾಜ್ ಹೊಸದನ್ನು ಮಾರಿಕೊಂಡನೆಂದೇ ತಿಳಿಯುತ್ತಾರೆ.

ದೀಪಾಳ ವರ್ಷದ ಎಡೆಗೆ ಶಿವರಾಜನನ್ನು ಕರೆದ. ಬಂದ.

"ಬರ್ರಿ, ಕುಂತ್ಕಳ್ರಿ," ಎಂದು ಹೆಂಡತಿ ಜುಂಜಮ್ಮ ಚಾಪೆ ಹಾಸಿದಳು.

"ಕೀ ಕೊಡ್ರಿ, ಗಾಡಿನ ನೆಳ್ಳಿಗೆ ಹಾಕ್ತೀನಿ," ಎಂದ ಕಾಟಯ್ಯ.

"ಒಳ್ಳೇದಾಯ್ತು ಬಿಡು ಕಾಟಣ್ಣ, ಸೀಟು ಕೆಂಡ ಆಗೈತೆ."

ಒಳಗೆ ಪಂಕ್ತಿ ಕುಳಿತಿತ್ತು. ಬೇವಿನ ಕೆಳಗೆ ಎರಡು ಕಾರು ಅಕ್ಕಪಕ್ಕ ನಿಂತಿದ್ದವು. ಕಾಟಯ್ಯ ಎರಡರ ಸ್ವಿಚ್ಚನ್ನೂ ಬಿಚ್ಚಿ ಅದಲುಬದಲು ಮಾಡಿದ. ಹಳೆಯದೂ ಹೊಸದೂ ನೋಡಲು ಒಂದೇ; ಆದರೂ ಹೊಸದರ ಮೇಲೆ ಮಗಳ ಕಾರಿನ ದೂಳನ್ನೇ ಸವರಿದ. ಶಿವರಾಜ್ ಹೊರಟಾಗ ಜುಂಜಮ್ಮ ಹೋಳಿಗೆ ಕಟ್ಟಿಕೊಟ್ಟು, "ನಿಧಾನ ಹೋಗಪ್ಪ," ಎಂದಳು. ಕಾಟಯ್ಯ ಆ ಮಾತನ್ನು ಕೇಳಿಸಿಕೊಳ್ಳದವನಂತೆ ಕುರಿಗಳ ಕಡೆ ನಡೆದ.

ಹತ್ತೊಂಬತ್ತನೆಯ ದಿನ, ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ, ಶಿವರಾಜನ ಕಾರು ರಸ್ತೆ ಬಿಟ್ಟು ಹುಣಸೆಮರಕ್ಕೆ ಗುದ್ದಿತು. ಸ್ಥಳದಲ್ಲೇ ಹೋದ. ಅಂದು ಕಾಟಯ್ಯ ದೀಪ ಹಚ್ಚಿ ಕಣ್ಣು ಮುಚ್ಚಿದಾಗ, ಬೇವಿನ ಕೆಳಗೆ ಎರಡು ಎಂಜಿನ್ ಒಂದರ ಹಿಂದೊಂದು ಆರಿದವು. ಮುಗಿಯಲೆಂದು ಎತ್ತಿದ ಕೈ ಕೂಡಲಿಲ್ಲ.

ಒಂದು ವಾರಕ್ಕೆ ಕಂಪನಿಯ ಎಂಜಿನಿಯರ್ ಪ್ರಭುಲಿಂಗ ಒಬ್ಬ ಪೊಲೀಸಿನವನೊಡನೆ ಹಟ್ಟಿಗೆ ಬಂದ. "ಅಜ್ಜಾ, ಎರಡನೇ ಸಾವು ಆದ್ಮೇಲೆ ಮೇಲಿನವರಿಗೆ ಎಚ್ಚರ ಆಗೈತೆ. ನಿಮ್ ಮಗಳ ಗಾಡೀನೂ ನೋಡ್ತೀವಿ. ಹಳೇ ಸ್ವಿಚ್ಚು ಇದ್ರೆ, ತಪ್ಪು ನಿಮ್ ಮಗಳದ್ದಲ್ಲ ಅಂತ ಬರ್ಕೊಟ್ಟು ಹೋಗಾಣ ಅಂತ ಬಂದಿದ್ದು."

ಜುಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕಾಟಯ್ಯ ಬೇವಿನ ಬುಡಕ್ಕೆ ಒರಗಿ ನಿಂತ. ತನ್ನ ಮಗಳ ಹೆಸರನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ತಾನೇ ಕಿತ್ತಿದ್ದ. ಹೋಗಲಿ, ನೋಡಲು ಎರಡೂ ಒಂದೇ ಎಂದು ಗಟ್ಟಿಮಾಡಿಕೊಂಡ.

ಪ್ರಭುಲಿಂಗ ಸ್ವಿಚ್ಚು ಬಿಚ್ಚಿ, ದೂಳೊರೆಸಿ, ಹಿಂಬದಿಯ ಉಗುರಗಲದ ಚೀಟಿಗೆ ಮೊಬೈಲ್ ಹಿಡಿದ. ಹಿಡಿದ ಕೈ ಹಾಗೇ ನಿಂತಿತು. "ಅಜ್ಜಾ, ಬದ್ಲಾಯ್ಸೋ ಒಂದೊಂದು ಸ್ವಿಚ್ಚಿಗೂ ಒಂದೊಂದು ನಂಬರ್ ಇರ್ತೈತೆ, ಯಾವ ಗಾಡಿಗೆ ಹಾಕಿದ್ರು ಅಂತ ಕಂಪನೀಲಿ ದಾಖಲೆ ಇರ್ತೈತೆ," ಎಂದು ಮೆಲ್ಲಗೆ ಹೇಳಿ, ಮೊಬೈಲನ್ನು ಪೊಲೀಸಿನವನ ಕಡೆ ತಿರುಗಿಸಿದ. ಅದರಲ್ಲಿ ಶಿವರಾಜನ ಹೆಸರಿತ್ತು.