ಜೋಡಿ ಬೆಳಕಿನ ನಂಟು ಕೆಡಿಸಿದ್ದು ಯಾರು?

"ಮಾಡದ ತಪ್ಪನ್ನ ನಾನು ಒಪ್ಪಲ್ಲ ಮೇಡಂ. ಸಂಜೆ ನನ್ನ ಸ್ವಿಚ್ ಬಿಚ್ಚಿ ಹಾಕ್ತಾರಂತೆ. ನಾನಿರೋ ತನಕ ಬಿಚ್ಚೋಕೆ ಬಿಡಲ್ಲ," ಎಂದಳು ಎಂಜಿನಿಯರ್.

ಸಂಶೋಧನಾಲಯದ ಭದ್ರತೆ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ ಪೊಲೀಸ್ ಕೆಲಸ ಬಿಟ್ಟರೂ ಪತ್ತೇದಾರಿಕೆ ಬಿಟ್ಟವರಲ್ಲ. ಸಹಾಯಕನಾಗಿದ್ದ ತಂಗಿಯ ಮಗನನ್ನು ಅವರು ಕರೆಯುತ್ತಿದ್ದದ್ದು ಅವಸರಪ್ಪ ಎಂದು.

ಒಟ್ಟಿಗೆ ಹುಟ್ಟಿದ ಎರಡು ಬೆಳಕಿನ ಕಣಗಳಲ್ಲಿ ಒಂದನ್ನು, ಅವುಗಳ ಕ್ವಾಂಟಂ ನಂಟು ಹರಿಯದಂತೆ, ಬೇಕಾದ ಕಟ್ಟಡಕ್ಕೆ ತಿರುಗಿಸುವುದು ಎಂಜಿನಿಯರ್ ಕಟ್ಟಿದ ಆ ಸ್ವಿಚ್ಚಿನ ಕೆಲಸ. ನಿನ್ನೆಯವರೆಗೆ ಸರಿಯಿತ್ತು. ಬೆಳಿಗ್ಗೆ ಅತಿಥಿಗಳೆದುರು ಬೆಳಕೇನೋ ಪೂರ್ತಿ ಬಂತು, ನಂಟು ಮಾತ್ರ ನಾಪತ್ತೆ. ತಪ್ಪು ಇವಳದೇ ಎಂದು ನಿರ್ದೇಶಕರು ಅಲ್ಲೇ ಸಾರಿಬಿಟ್ಟಿದ್ದರು.

ಸ್ವಿಚ್ ಇದ್ದ ಕೋಣೆಯ ಬೀಗದ ಕೈ ಇದ್ದದ್ದು ಅವಳ ಬಳಿ, ನಿರ್ದೇಶಕರ ಬಳಿ, ಪಕ್ಕದ ಮೇಜಿನಲ್ಲಿ ಬೇರೊಂದು ಸ್ವಿಚ್ ಕಟ್ಟುತ್ತಿದ್ದ, ಮಾತು ಕಡಿಮೆಯ ಸಹೋದ್ಯೋಗಿ 'ಮೌನಿ'ಯ ಬಳಿ. "ಇವಳದು ಕೆಟ್ರೆ ಲಾಭ ಮೌನಿಗೇ ದೊಡ್ಡಮ್ಮ," ಎಂದು ಅವಸರಪ್ಪ ತೀರ್ಪು ಕೊಟ್ಟೇಬಿಟ್ಟ.

"ಸುಮ್ನಿರೋ," ಎಂದು ದೊಡ್ಡಮ್ಮ ಮೇಜಿನತ್ತ ಬಗ್ಗಿದರು. ಸ್ವಿಚ್ಚಿನಿಂದ ಬೆಳಕು ಒಯ್ಯುವ ಗಾಜಿನೆಳೆಯ ಕೇಬಲನ್ನು ಬಿಗಿಯಾಗಿ ಸುರುಳಿ ಸುತ್ತಿಡಲಾಗಿತ್ತು. ಮೇಲೆ ಎರಡು ರಬ್ಬರ್ ಬ್ಯಾಂಡ್ ಅಡ್ಡಡ್ಡ. ಮೇಜಿನುದ್ದಕ್ಕೂ ಟೇಪ್ ಕಿತ್ತ ಅಂಟಿನ ಗುರುತು.

ಆಮೇಲೆ ನಿರ್ದೇಶಕರ ಕೋಣೆಗೆ ಹೋದರು. "ನಾನು ಆ ಕಡೆ ತಲೆನೇ ಹಾಕಿಲ್ಲ," ಎನ್ನುತ್ತಲೇ ಅವರು ಮೇಜಿನ ಮೇಲಿದ್ದ ಚಾರ್ಜರ್ ವೈರನ್ನು ಸುರುಳಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕಿದರು. ಅದನ್ನು ದೊಡ್ಡಮ್ಮ ಕೇಳಿ ಪಡೆದು, ಎಲ್ಲರನ್ನೂ ಸ್ವಿಚ್ ಕೋಣೆಗೆ ಕರೆಸಿದರು.

"ಸ್ವಿಚ್ ಕೆಟ್ಟಿದ್ರೆ ಬೆಳಕೇ ಕಡಿಮೆ ಬರ್ತಿತ್ತು. ಬೆಳಕು ಪೂರ್ತಿ ಬಂದಿದೆ. ಕೇಬಲ್ ಬಿಗಿಯಾಗಿ ಸುತ್ತಿದ್ದಕ್ಕೆ ಬೆಳಕಿನ ಕಂಪನದ ದಿಕ್ಕು ತಿರುಗಿದೆ, ಅಳತೆಗೆ ನಂಟು ಸಿಕ್ಕಿಲ್ಲ. ಹೊಂದಿಸಿದ ಕೇಬಲ್ ಮುಟ್ಟಬಾರದು ಅಂತ ಮೌನಿಗೆ ಗೊತ್ತು. ಕೆಡಿಸೋ ಮನಸ್ಸಿದ್ರೂ ಹೀಗೆ ಎದ್ದು ಕಾಣೋ ಹಾಗೆ ಕೆಡಿಸ್ತಿರಲಿಲ್ಲ. ಇದು ಅತಿಥಿಗಳು ಬರ್ತಾರೆ ಅಂತ ಮೇಜು ಓರಣ ಮಾಡಿದೋರ ಕೈ," ಎಂದು ಚಾರ್ಜರ್ ವೈರನ್ನು ಕೇಬಲ್ ಪಕ್ಕ ಇಟ್ಟರು. ಅವಸರಪ್ಪ ಮೌನಿಯ ಮುಖ ನೋಡಲಾಗದೆ ತಲೆ ತಗ್ಗಿಸಿದ.

"ಚೆನ್ನಾಗಿ ಕಾಣ್ಲಿ ಅಂತ ಸುತ್ತಿದೆ," ಎಂದರು ನಿರ್ದೇಶಕರು. "ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಎಂಜಿನಿಯರ್ ಕೇಬಲನ್ನು ಅಂಟಿನ ಗುರುತಿನ ಮೇಲೆಯೇ ಹಾಸಿ, ಟೇಪ್ ಹಚ್ಚಿ, ದಿಕ್ಕು ಹೊಂದಿಸಿದಳು. ಪರದೆಯ ಮೇಲೆ ನಂಟಿನ ಗೆರೆ ಮೇಲೇರಿತು.

"ಸರಿಹೋಯ್ತಲ್ಲ, ಇಲ್ಲಿಗೇ ಬಿಟ್ಟುಬಿಡೋಣ. ಅತಿಥಿಗಳನ್ನ ಕರೀತೀನಿ," ಎಂದರು ನಿರ್ದೇಶಕರು.

ಅವಳು ಸ್ವಿಚ್ಚನ್ನು ಆಫ್ ಮಾಡಿದಳು. "ಅವರ ಮುಂದೆ ನನ್ನ ತಪ್ಪು ಅಂದ್ರಿ ಸರ್. ಅವರ ಮುಂದೇನೇ ಅಲ್ಲ ಅನ್ನಿ. ಆಮೇಲೆ ಆನ್ ಮಾಡ್ತೀನಿ."

ನಿರ್ದೇಶಕರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಹೋಗಿ, ಅತಿಥಿಗಳು ಕಾಯುತ್ತಿದ್ದ ಕಡೆಯ ಬಾಗಿಲು ತೆರೆದರು.

"ಒಳಗೆ ಬನ್ನಿ. ನಿರ್ದೇಶಕರು ನಿಮಗೇನೋ ಹೇಳ್ಬೇಕಂತೆ."