ತಡವಾಗಿ ಕಂಡ ಕಡಲು

ಗುಡಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೋಹಿಣಿ, ಭೇಟಿಯಾದ ಮೊದಲ ದಿನವೇ ಕಾಶಿನಾಥನನ್ನು ಮಕ್ಕಳೆದುರು ಸುಳ್ಳುಗಾರನನ್ನಾಗಿ ಮಾಡಿದಳು.

ಮೊರಬದ ಕಾಶಿನಾಥ ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿ ಕಡಲಾಮೆಗಳನ್ನು ಕಾಯುವ ಕೆಲಸದಲ್ಲಿದ್ದ. ಮಳೆಗಾಲಕ್ಕೆ ಊರಿಗೆ ಬಂದವನನ್ನು ಹೆಡ್‌ಮಾಸ್ತರ ವೆಂಕಣ್ಣ ಶಾಲೆಗೆ ಕರೆಸಿ, ಅಲ್ಲಿಯ ಫೋಟೊ ತೋರಿಸಲು ಹೇಳಿದ್ದರು. ತೆಂಗಿನಕಾಯಿ ಒಡೆಯುವ ಏಡಿ, ಉಪ್ಪುನೀರಿನ ಮೊಸಳೆ ಎಲ್ಲ ಮುಗಿದು ಆಮೆ ಬಂತು. ಬಿಸಿ ಉಸುಕಿನಲ್ಲಿಟ್ಟ ಮೊಟ್ಟೆಯಿಂದ ಹೆಣ್ಣು, ತಂಪಿನಲ್ಲಿಟ್ಟದ್ದರಿಂದ ಗಂಡು ಎಂದು ಅವನು ಹೇಳಿದಾಗ ರೋಹಿಣಿ ಎದ್ದು ನಿಂತಳು. ಇಂಥ ಕಥೆಯನ್ನೆಲ್ಲ ಮಕ್ಕಳ ತಲೆಗೆ ತುಂಬಬೇಡಿ ಎಂದಳು.

ಅವನು ಅವಳನ್ನೊಮ್ಮೆ ನೋಡಿದ. ತುಟಿಯಂಚಿಗೆ ಬಂದ ನಗೆಯನ್ನು ಒಳಗೆಳೆದುಕೊಂಡು ಮುಂದಿನ ಫೋಟೊ ತೋರಿಸಿದ.

ಆ ಸಂಜೆ ಪುಸ್ತಕ ತೆರೆದು ನೋಡಿದರೆ ಅವನು ಹೇಳಿದ್ದೇ ಖರೆ. ಮರುದಿನ ಕ್ಷಮೆ ಕೇಳಿದವಳಿಗೆ ಅವನು, "ತಪ್ಪಾತು ಅನ್ನೂದು ಬ್ಯಾಡ್ರಿ. ಒಂದು ಚಾ ಕುಡೀರಿ, ಸಾಕು," ಎಂದ.

ಆ ಚಹಾ ಎರಡು ತಿಂಗಳು ನಡೆಯಿತು. ಎರೆಹೊಲ ಬಿಟ್ಟು ಬೇರೇನೂ ಕಾಣದ ರೋಹಿಣಿಗೆ ಅವನು ಎಮ್ಮೆಯಂತೆ ಕಡಲಹುಲ್ಲು ಮೇಯುವ ಡ್ಯೂಗಾಂಗ್ ಎಂಬ ಕಡಲಪ್ರಾಣಿಯ ಬಗ್ಗೆ, ನೀರಿನಲ್ಲೇ ಬೇರೂರಿ ನಿಂತ ಕಾಡಿನ ಬಗ್ಗೆ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ಅವಳು ಸರಿಯಾಗೇ ಇದ್ದ ಸೆರಗನ್ನು ಮತ್ತೆ ಸರಿಮಾಡಿಕೊಳ್ಳುವಳು. ಅವನು ಅದನ್ನೂ ನೋಡುವನು. ಯಾವಾಗಲೋ ಇಬ್ಬರ ನಡುವಿನ 'ರೀ' ಬಿದ್ದುಹೋಗಿತ್ತು.

ಹೊರಡುವ ಮುನ್ನ ಅವನು ಕೇಳಿದ: "ಜನವರಿಯಾಗ ಒಮ್ಮೆ ಬಂದು ನೋಡು. ಅಲ್ಲೆ ಇರಾಕ ಆಗತೈತಿ ಅನಿಸಿದ್ರ, ಅಪ್ಪಾರ ಕೂಡ ನಾ ಮಾತಾಡ್ತೀನಿ."

ಅಪ್ಪ ಹೊಳೆಪ್ಪ ಬೇಡವೆನ್ನಲಿಲ್ಲ. ಬಾಳುವ ಜಾಗವನ್ನು ನೋಡಿಯೇ ಬಾ ಎಂದು, ಸಜ್ಜಿ ರೊಟ್ಟಿಯ ಗಂಟು ಹಿಡಿದು ತಾನೇ ಸ್ಟೇಷನ್‌ವರೆಗೆ ಬಂದು ಬಿಟ್ಟುಹೋದ. ಹುಬ್ಬಳ್ಳಿ ಗಾಡಿ ಬಂತು. ರೋಹಿಣಿ ಬೆಂಚಿನಿಂದ ಏಳಲಿಲ್ಲ. ಯಾರೂ ಅವಳನ್ನು ತಡೆದಿರಲಿಲ್ಲ. ಅಷ್ಟು ನೀರು, ಆ ನೀರಿನಾಚೆ ನೆಚ್ಚಿಕೊಳ್ಳಲು ಒಬ್ಬನೇ ಒಬ್ಬ ಮನುಷ್ಯ. ಅದನ್ನೇ ನೆನೆಯುತ್ತ ಅವಳು ರೊಟ್ಟಿಯ ಗಂಟು ಹಿಡಿದು ಕೂತೇ ಇದ್ದಳು. ಗಾಡಿ ಹೋಯಿತು. ಶಾಲೆಗೆ ಇನ್‌ಸ್ಪೆಕ್ಷನ್ ಬಂದಿದೆ, ಬರಲಾಗದು ಎಂದು ಮೆಸೇಜು ಹಾಕಿದಳು. 'ಇರಲಿ' ಎಂದಷ್ಟೇ ಉತ್ತರ ಬಂತು.

ಆಮೇಲೆ ಅವನು ಫೋನು ಮಾಡಲಿಲ್ಲ. ನಾಚಿಕೆಯಿಂದ ಅವಳೂ ಮಾಡಲಿಲ್ಲ. ಹಾಗೆಯೇ ನಾಲ್ಕು ಮಳೆಗಾಲ ಕಳೆದವು.

ಈ ಏಪ್ರಿಲ್‌ನಲ್ಲಿ ಶಿಕ್ಷಕರ ಟೂರು ಅಂಡಮಾನಿಗೆ ಹೊರಟಾಗ ರೋಹಿಣಿ ಮೊದಲು ಹೆಸರು ಬರೆಸಿದಳು. ಆ ದ್ವೀಪದ ದಂಡೆಯಲ್ಲಿ, ಬೆಳಗಿನ ಎಳೆಬಿಸಿಲಲ್ಲಿ ಅವನು ಆಮೆಮರಿಗಳ ಬಕೆಟ್ ಹಿಡಿದು ನಿಂತಿದ್ದ.

"ಬರ್ರಿ ಟೀಚರ್," ಎಂದ. ಆ 'ರೀ' ಅವಳ ಎದೆಗೆ ನಾಟಿತು. ಪಕ್ಕದಲ್ಲಿದ್ದ ಸಮೀಕ್ಷಾಳನ್ನು ತನ್ನ ಹೆಂಡತಿ ಎಂದು ಪರಿಚಯಿಸಿದ. ಅವಳು ನಕ್ಕು, ಉಳಿದ ಶಿಕ್ಷಕರನ್ನು ಮೊಟ್ಟೆ ಕಾಯುವ ಜಾಗಕ್ಕೆ ಕರೆದೊಯ್ದಳು.

ಅವನು ಬಕೆಟ್ ವಾಲಿಸಿದ. ಅಂಗೈಯಷ್ಟೂ ಇಲ್ಲದ ಮರಿಗಳು ಉಸುಕಿನ ಮೇಲೆ ತೆವಳುತ್ತ, ಉರುಳುತ್ತ, ಮತ್ತೆದ್ದು ಅಲೆಯ ಕಡೆಗೆ ಓಡುತ್ತಿದ್ದವು. ಅವನ್ನೇ ನೋಡುತ್ತ ರೋಹಿಣಿ ಹೇಳಿದಳು:

"ಆವಾಗ ಇನ್‌ಸ್ಪೆಕ್ಷನ್ ಇರಲಿಲ್ಲ. ನಾ ಹೆದರಿದ್ದೆ."

"ಗೊತ್ತಿತ್ತು. ವೆಂಕಣ್ಣ ಸರ್‌ಗೆ ಅವತ್ತ ಫೋನ್ ಮಾಡಿದ್ದೆ."

"ಮತ್ತ ಯಾಕ ಕೇಳಲಿಲ್ಲ?"

ಅವನು ಬೋರಲು ಬಿದ್ದ ಮರಿಯೊಂದನ್ನು ನೆಟ್ಟಗೆ ತಿರುಗಿಸಿಟ್ಟ. "ಕೇಳಿದ್ರ ನೀ ಇನ್ನೊಂದು ಸುಳ್ಳ ಹೇಳ್ತಿದ್ದಿ. ನಿನ್ನ ಬಾಯಿಲೆ ಅದನ್ನ ಕೇಳಾಕ ನನಗ ಮನಸ್ಸಾಗಲಿಲ್ಲ. ಕೇಳಬೇಕಿತ್ತು. ನಂದೂ ತಪ್ಪೈತಿ, ರೋಹಿಣಿ."

ಸಮೀಕ್ಷಾ ದೂರದಿಂದ ಕೈಬೀಸಿ ಕರೆದಳು. ಅವನು ಖಾಲಿ ಬಕೆಟ್ ಎತ್ತಿಕೊಂಡು ಹೋದ.

ರೋಹಿಣಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಕೊನೆಯ ಮರಿಯ ಹಿಂದೆ ನೀರಿಗಿಳಿದಳು. ನೀರು ಮೊಣಕಾಲು ಮುಟ್ಟಿತು. ಬೆಚ್ಚಗಿತ್ತು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.