ಕುಂದ್ರಿಸಿ ಉಣಸ್ತೀನಿ ಅಂದಿದ್ದ...

"ಕಣ್ಣು ಜೋಬಿನ್ಯಾಗ ಇಟಗೊಂಡ ಗಾಡಿ ಹೊಡೀತೀರೇನ್ರಿ?!"

ಸೂಡಿಯ ರಸ್ತೆಯಲ್ಲಿ, ಗಾಡಿ ತಾಗಿ ಬಿದ್ದ ಮೇವಿನ ಹೊರೆಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತ ಆಸಿಫಾಳ ಮೂಗಿನ ತುದಿ ಕೆಂಪಾಗಿತ್ತು. ಎಂ-ಎಯ್ಟಿ ಗಾಡಿಗೆ ಸೀರೆಗಂಟು ಕಟ್ಟಿಕೊಂಡು ಹಳ್ಳಿ ತಿರುಗುವ ಗಜೇಂದ್ರಗಡದ ಇಲಿಯಾಸ, ತಪ್ಪು ತನ್ನದೇ ಎಂದು ಗೊತ್ತಿದ್ದೂ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಎರಡು ಸಾವಿರದ ಇಸವಿ ಆಗಷ್ಟೇ ಬಂದಿತ್ತು. ಹುಡುಗನ ಬುದ್ಧಿ ಮಾತ್ರ ಆ ಗಳಿಗೆಯಲ್ಲಿ ಕೈಕೊಟ್ಟಿತ್ತು!

"ಇಷ್ಟ್ ಭಾರ ಹೊತಗೊಂಡ ದಿನಾ ನಡೀತಿ ಏನ್?"

"ಯಾಕ, ನೀವ ಹೊರಾಕ ಬರ್ತೀರೇನ್?"

"ನಿನ್ನ ಗಂಡ ಆಗಿದ್ರ ಖರೇನ ಬರ್ತಿದ್ದೆ. ಹೊರಾಕಲ್ಲ... ನಿನ್ನ ಕುಂದ್ರಿಸಿ ಉಣಸಾಕ!"

ಕೂರಿಸಿ ಉಣಿಸುವುದು! ಆ ಸೀಮೆಯ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಭಾಗ್ಯ ಯಾರೂ ಹೇಳಿಕೊಟ್ಟಿರಲಿಲ್ಲ. ನಗು ಕಾಣಿಸಬಾರದೆಂದು ಆಸಿಫಾ ಬಗ್ಗಿ ಮೇವು ಆಯತೊಡಗಿದಳು. ಮುಂದಿನ ಈದ್‌ಗೆ ಮೊದಲೇ ನಿಕಾಹ್ ಆಯಿತು.

ಇಲಿಯಾಸ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು...

ಮನೆಯೊಳಗೇ ನಳ. ಕಸ ಮುಸುರೆಗೆ ತಿಪ್ಪವ್ವ. ಓಣಿಯ ತುದಿಯ ಅಂಗಡಿಗೂ ಗಾಡಿಯ ಮೇಲೆಯೇ ಸವಾರಿ. ಆಸಿಫಾ ಟೀವಿಯ ಮುಂದೆ ಕುಳಿತು ಸೀರೆಗಳಿಗೆ ಕುಚ್ಚು ಕಟ್ಟುತ್ತಾ ಬೆಳಗನ್ನು ಸಂಜೆ ಮಾಡುತ್ತಿದ್ದಳು. "ಪುಣ್ಯಾ ಮಾಡೀಯವಾ, ಕುಂತ ಉಣ್ಣತಿ" ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರೆ ಅವಳು ಹಿಗ್ಗುತ್ತಿದ್ದಳು. ವರ್ಷಗಳು ಕಳೆದಂತೆ ಮೈಯೂ ಹಿಗ್ಗಿತು. ಹೊರೆ ಹೊತ್ತು ಓಡುತ್ತಿದ್ದ ಕಾಲುಗಳಿಗೆ ಮೆಟ್ಟಿಲು ಹತ್ತುವುದೇ ಸಾಕುಸಾಕಾಯಿತು.

ಒಂದು ಬೆಳಿಗ್ಗೆ ಮುಖ, ಪಾದ ಎರಡೂ ಬಾತಿದ್ದವು. ಗಂಡ ಗದಗಿನ ದವಾಖಾನೆಗೆ ಕರೆದೊಯ್ದ. ರಕ್ತ, ಮೂತ್ರ ಎಲ್ಲ ತಪಾಸಣೆಯಾಯಿತು. ಡಾಕ್ಟರು ಇಲಿಯಾಸನೊಬ್ಬನನ್ನೇ ಒಳಗೆ ಕರೆದರು. ಹೊರಬಂದವನ ಮುಖದಲ್ಲಿ ಕಳೆಯೇ ಇರಲಿಲ್ಲ.

"ಏನಂದ್ರು?"

"ಏನಿಲ್ಲ. ಬಿಪಿ ಐತಂತ. ಗುಳಿಗಿ ಕೊಟ್ಟಾರ."

ಮರುದಿನದಿಂದ ಇಲಿಯಾಸ ಬೇರೆಯೇ ಮನುಷ್ಯನಾದ. ಟೀವಿ ಅವನ ಅಕ್ಕನ ಮನೆ ಸೇರಿತು. ತಿಪ್ಪವ್ವನನ್ನು ಬರಬೇಡವೆಂದ. ಗಾಡಿಗೆ ಹತ್ತಿಸಿಕೊಳ್ಳುವುದನ್ನೇ ಬಿಟ್ಟ. ಅತ್ತೆ ಜಮಾಲಬಿ ಉಪ್ಪಿನಕಾಯಿ ಭರಣಿಯನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು!

"ಎಷ್ಟ್ ಕುಂದ್ರತಿ? ಏಳು, ನಡಿ!"

ನಡಿ... ಬಾ ಹೋಗೋಣ ಎನ್ನುವಾಗಲೂ ಅದೇ ಮಾತು, ಮನೆ ಬಿಟ್ಟು ತೊಲಗು ಎನ್ನುವಾಗಲೂ ಅದೇ ಮಾತು. ಆಸಿಫಾಳ ಕಿವಿಗೆ ಎರಡನೆಯದೇ ಕೇಳಿಸಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವನು ತಾಯಿಗೆ ಹೇಳುತ್ತಿದ್ದುದೂ ಕಿವಿಗೆ ಬಿತ್ತು. "ಹಿಂಗ ಕುಂತ್ರ ಈಕಿ ನಮ್ಮ ಮನ್ಯಾಗ ಭಾಳ ದಿನ ಇರಂಗಿಲ್ಲಮ್ಮಾ..."

ಅಂದರೆ ಕಳಿಸಿಬಿಡುವ ಯೋಚನೆ! ದಪ್ಪಗಾದೆನಲ್ಲ, ಮಕ್ಕಳೂ ಆಗಲಿಲ್ಲವಲ್ಲ... ಇನ್ನು ನಾನ್ಯಾಕೆ ಬೇಕು?

ಆಮೇಲೆ ಅವಳು ಹಟಕ್ಕೆ ಬಿದ್ದಳು. ಅವನು ಏಳು ಎಂದರೆ ಇನ್ನಷ್ಟು ಗಟ್ಟಿಯಾಗಿ ಕುಳಿತಳು. ನೆರೆಮನೆಯ ರಾಜಮಾಳಿಂದ ಉಪ್ಪಿನಕಾಯಿ, ಹಪ್ಪಳ ತರಿಸಿಕೊಂಡು, ಅವನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ತಿಂದಳು. ತಾನು ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೇನೆಂದು ಆ ಹುಚ್ಚಿಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಎರಡನೇ ತಪಾಸಣೆಯಾಯಿತು. ಗದಗಿನಿಂದ ಮನೆಗೆ ಬಂದವನೇ ಇಲಿಯಾಸ ಚೀರಿದ.

"ನಡಿ ಅಂದ್ರ ಯಾಕ ನಡಿಯೂದಿಲ್ಲ ನೀ?!"

"ನಡೀತೀನಿ! ಈಗ ನಡೀತೀನಿ!"

ತಲೆಯ ಮೇಲೆ ಸೆರಗೆಳೆದುಕೊಂಡು ಆಸಿಫಾ ತವರೂರು ಸೂಡಿಯ ರಸ್ತೆ ಹಿಡಿದಳು. ಊರು ದಾಟುವಷ್ಟರಲ್ಲಿ ಏದುಸಿರು ಬಂತು. ಕಿಲೋಮೀಟರು ಕಲ್ಲಿನ ಮೇಲೆ ಕುಸಿದು ಕುಳಿತು ಹಿಂದಿರುಗಿ ನೋಡಿದರೆ... ಇಲಿಯಾಸ! ಎಂ-ಎಯ್ಟಿಯನ್ನು ಚಾಲೂ ಮಾಡದೆ, ಬೆವರಿಳಿಸುತ್ತಾ ತಳ್ಳಿಕೊಂಡು ಬರುತ್ತಿದ್ದ.

"ಹತ್ತಿಸ್ಕೊಳ್ಳಾಕೂ ಮನಸಿಲ್ಲ, ಬಿಡಾಕೂ ಮನಸಿಲ್ಲ ನಿಮಗ. ಗಾಡಿ ಯಾಕ ತಂದ್ರಿ?"

"ಎಲ್ಲೆರೆ ಬಿದ್ದಗಿದ್ದಿ ಅಂತ..." ಎಂದ ಅವನು. "ಆಸಿಫಾ, ನಿನ್ನ ಕಿಡ್ನಿ ಸೋತಾವು. ಬಿಪಿ, ಮೈಭಾರ... ದಿನಾ ಕುಂತ ಕುಂತ ಎಲ್ಲಾ ಹೆಚ್ಚಾತಂತ. ಉಪ್ಪ ಕಮ್ಮಿ ಮಾಡಸ್ರಿ, ದಿನಾ ನಡಸ್ರಿ ಅಂದಿದ್ರು. ಇವತ್ತ ನೋಡಿದ್ರ ಮತ್ತಷ್ಟ ಸೋತಾವಂತ... ಹೋದದ್ದು ತಿರುಗಿ ಬರಂಗಿಲ್ಲ, ಉಳದದ್ದನ್ನರೆ ಉಳಿಸ್ಕೊಳ್ರಿ ಅಂದ್ರು."

ರಾಜಮಾಳ ಉಪ್ಪಿನಕಾಯಿಯ ರುಚಿ ಆಸಿಫಾಳ ಬಾಯಿಗೆ ಬಂತು.

"ನಿಮ್ಮ ಅಮ್ಮಗ ಗೊತ್ತಿತ್ತು?"

"ಹೂಂ..."

"ನನಗ ಹೇಳಲಿಲ್ಲ. ಕಿಡ್ನಿ ಯಾರವ್ರೀ ಅವು?"

"ನೀ ಅಂಜತಿ ಅಂತ..."

"ಅಂಜತಿದ್ದೆ! ಅಂಜಿ ಅಂದಿಂದನ ನಡೀತಿದ್ದೆ! ನೀವ ಹೊರಗ ಹಾಕತೀರಿ ಅಂತ ತಿಳಕೊಂಡು, ಇಷ್ಟ ದಿನಾ ಬೇಕಂತನ ಕುಂತೆ... ನನ್ನ ಕೈಯಾರೆ ನಾನ..."

ಅವಳು ಅತ್ತಳು. ಅವನೂ ಗಾಡಿ ಹಿಡಿದೇ ಅತ್ತ. ಹೋದ ತಿಂಗಳುಗಳನ್ನು ಇಬ್ಬರ ಕಣ್ಣೀರೂ ತಿರುಗಿ ತರಲಾರದು. ಅದು ಇಬ್ಬರಿಗೂ ಗೊತ್ತಿತ್ತು.

"ನಿನ್ನ ಕುಂದ್ರಿಸಿ ಉಣಸ್ತೀನಿ ಅಂದಿದ್ದೆ, ಇದ ರಸ್ತಾದಾಗ," ಎಂದ ಇಲಿಯಾಸ. "ನಿನ್ನ ಮ್ಯಾಲ ಜೀವ ಇಟಗೊಂಡ ಅಂದಿದ್ದೆ. ಈಗೂ ಜೀವ ನಿನ್ನ ಮ್ಯಾಲ ಐತಿ. ಮಾತ ಒಂದ ತಪ್ಪಾತು."

"ಆ ಮಾತ ತಿರುಗಿ ತಗೋರಿ ಹಂಗಾದ್ರ."

"ಬ್ಯಾರೆ ಏನಂತ ಹೇಳ್ಲಿ?"

ಆಸಿಫಾ ಕಲ್ಲು ಹಿಡಿದು ಮೆಲ್ಲಗೆ ಎದ್ದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

"ನಡಿ ಅನ್ನಬ್ಯಾಡ್ರಿ. ನಡಿಯೂಣು ಅನ್ರಿ."

"...ನಡಿಯೂಣು, ಆಸಿಫಾ. ಮನಿಗಿ ನಡಿಯೂಣು."

ಅವಳು ಒಂದು ಹೆಜ್ಜೆಯಿಟ್ಟು ನಿಂತಳು.

"ಆ ಗಾಡಿ ಆಚೀ ಬಾಜೂಕ ಹಿಡಕೋರಿ. ನಮ್ಮಿಬ್ಬರ ನಡುವ ಇನ್ನ ಏನೂ ಅಡ್ಡ ಬ್ಯಾಡ."